ದೇವರ ಎತ್ತು ಮೇಯೋ ನೆಲ ಯಾರದು?

ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಓಡಾಡಿದವರು ದೊಡ್ಡ ಹಿಂಡೊಂದು ರಸ್ತೆ ದಾಟೋದನ್ನ ನೋಡಿರ್ತೀರಿ. ಹಿಂದೆ ಕಂಬಳಿ ಹೊದ್ದ ಕಿಲಾರಿ, ಅಂದರೆ ಆ ದನ ಕಾಯೋನು. ಆ ದನ ಯಾರ ಮನೆಯವೂ ಅಲ್ಲ. ಅವು ದೇವರ ಎತ್ತು.

ದನ, ಕುರಿ ಸಾಕೋ ಇಲ್ಲಿನ ಸಮುದಾಯಗಳಾದ ಮ್ಯಾಸಬೇಡರು, ಕಾಡುಗೊಲ್ಲರು ತಮ್ಮ ದೇವರುಗಳ ಹೆಸರಲ್ಲಿ ತಲೆಮಾರುಗಳಿಂದ ಸಾಕ್ಕೊಂಡು ಬಂದಿರೋ ದನ ಇವು. ನೊಗಕ್ಕೆ ಕಟ್ಟಲ್ಲ, ಹಾಲು ಮಾರಲ್ಲ, ಕಟುಕರಿಗೆ ಕೊಡಲ್ಲ. ಸತ್ತರೆ ಪೂಜೆ ಮಾಡಿ ಮಣ್ಣು ಮಾಡ್ತಾರೆ.

ಇದಕ್ಕೆ ಓದಿದವರು 'ಪ್ರಕೃತಿ ಆರಾಧನೆ' ಅಂತಾರೆ. ನನಗೆ ಆ ಮಾತು ಸಾಲದು. ದುಡಿಸದ, ಮಾರದ ದನ ನೂರಾರು ಬದುಕಬೇಕಾದರೆ ಯಾರೂ ಉಳದ, ಯಾರೂ ಬೇಲಿ ಹಾಕದ ಹುಲ್ಲುನೆಲ ಇರಲೇಬೇಕು. ಹಿಂಡನ್ನ ದೇವರಿಗೆ ಬಿಟ್ಟವರು ಆ ನೆಲವನ್ನೂ ದೇವರಿಗೇ ಬಿಟ್ಟಿದ್ದರು.

ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯನ್ನೇ ನೋಡಿ. ಕಾಡುಗೊಲ್ಲರು ಬಾರೆಮುಳ್ಳು ಕಡಿದು ತಂದು ಗುಡಿ ಕಟ್ಟುತ್ತಾರೆ, ಬರಿಗಾಲಲ್ಲಿ ಆ ಮುಳ್ಳು ಹತ್ತಿ ಕಳಸ ಕೀಳ್ತಾರೆ. ಮೈ ಜುಮ್ಮೆನ್ನುತ್ತೆ, ನಿಜ. ನನ್ನ ಮನಸ್ಸಲ್ಲಿ ಉಳಿಯೋದು ಮಾತ್ರ ಆ ಮುಳ್ಳು. ಕುರುಚಲು ಕಾಡು ಹೋದರೆ ಆ ದೇವರ ಗುಡಿಗೆ ಗೋಡೆಯೇ ಇಲ್ಲ.

ಈಗ ಕಾವಲಿನ, ಅಂದರೆ ದನ ಮೇಯೋ ಹುಲ್ಲುಗಾವಲಿನ ಮಾತು. ಅರಮನೆಗೆ ಹಾಲು, ಬೆಣ್ಣೆ ಒದಗಿಸೋ ಮೈಸೂರು ಅರಸರ ಇಲಾಖೆ 'ಬೆಣ್ಣೆ ಚಾವಡಿ'ಯ ದನಗಳಿಗೆ ಟಿಪ್ಪು ಕಾಲದಲ್ಲಿ ಅಮೃತಮಹಲ್ ಅಂತ ಹೆಸರಾಯ್ತು. ಅವು ಮೇಯೋಕೆ ಮೀಸಲಿಟ್ಟ ಕಾವಲುಗಳಲ್ಲೇ ಊರ ದನ, ಕುರಿ, ದೇವರ ಎತ್ತು, ಕೃಷ್ಣಮೃಗ ಎಲ್ಲವೂ ಬದುಕಿದವು. 2007ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ಸುಮಾರು 10,000 ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಮತ್ತು ಖಾಸಗಿ ಕಂಪನಿಗೆ ಹೋಯ್ತು. ಉದ್ದಕ್ಕೂ ಗೋಡೆ ಎದ್ದವು. ಮೊಕದ್ದಮೆ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು.

ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಮರ ಇಲ್ಲದ್ದನ್ನೆಲ್ಲ ಬಂಜರು ಅಂತ ಬರೆಯೋ ಆ ಕಣ್ಣು ತಪ್ಪು ಅಂತೀನಿ. ಮಳೆ ಬಿದ್ದ ಹತ್ತು ದಿನಕ್ಕೆ ಆ 'ಬಂಜರು' ಹೆಂಗೆ ಹಸಿರಾಗುತ್ತೆ ಅಂತ ಒಂದು ಸಲ ನಿಂತು ನೋಡಬೇಕು.

ಬರ ಬಂದಾಗ ದಾನಿಗಳು ಮೇವಿನ ಲೋಡು ಕಳಿಸ್ತಾರೆ. ಅವರಿಗೆ ಕೈ ಮುಗೀತೀನಿ. ಆದರೆ ಹುಲ್ಲುನೆಲ ಕಿತ್ಕೊಂಡು ಹುಲ್ಲು ದಾನ ಕೊಟ್ಟರೆ ಎಷ್ಟು ವರ್ಷ ನಡೆಯುತ್ತೆ? 2006ರ ಅರಣ್ಯ ಹಕ್ಕು ಕಾಯ್ದೆ ದನ ಮೇಯಿಸೋದನ್ನ ಸಮುದಾಯದ ಹಕ್ಕು ಅಂತ ಒಪ್ಪಿದೆ. ಉಳಿದಿರೋ ಕಾವಲುಗಳಲ್ಲಾದರೂ ದೇವರ ಎತ್ತು ಸಾಕೋ ಹಟ್ಟಿಗಳ ಹಕ್ಕು ಕಾಗದದ ಮೇಲೆ ಬರಲಿ. ಅದಕ್ಕೆ ಸರ್ವೆ ಮಾಡೋ ದಿನ ಕಿಲಾರಿಯನ್ನ ಜೊತೆಗೆ ಕರ್ಕೊಂಡು ಹೋಗಿ. ಯಾವ ಹಳ್ಳದಲ್ಲಿ ಬೇಸಿಗೆವರೆಗೂ ನೀರು ನಿಲ್ಲುತ್ತೆ, ಯಾವ ದಿನ್ನೇಲಿ ಮೊದಲ ಮಳೆಗೇ ಹುಲ್ಲು ಏಳುತ್ತೆ ಅಂತ ಅವರು ನಡೆದು ತೋರಿಸ್ತಾರೆ.