ಮೊದಲು ಲೈಟ್ ಬಿಲ್ ಕೇಳಿ

ಕೇಳುಗರಿಗೆ ನಮಸ್ಕಾರ. ಪುಣೆಯ ಹಿಂಜೆವಾಡಿ, ಖರಾಡಿಗಳ ಕಂಪನಿಗಳಲ್ಲಿ ನಮ್ಮ ಕನ್ನಡಿಗರು ಬಹಳ ಮಂದಿ. ಹವಾಮಾನಕ್ಕಾಗಿ ಕಂಪನಿ ಏನಾದರೂ ಮಾಡಲಿ ಎಂದು ನೌಕರರು ಕೂಡಿದಾಗ ಮೊದಲು ಏಳುವ ಮಾತು ಕಾಗದದ ಕಪ್ಪಿನದು. ಆಡಳಿತದವರಿಗೂ ಅದೇ ಸಲೀಸು. ನಾಲ್ಕು ಸ್ಟೀಲ್ ಲೋಟ ಇಟ್ಟರೆ ಮುಗಿಯಿತು. ನೀವು ಲೈಟ್ ಬಿಲ್ ಕೇಳಿ.

ನಮ್ಮ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ತಿಂಗಳಿಗೆ ಲಕ್ಷ ಯೂನಿಟ್ ಬಳಸುವ ಕಚೇರಿಯ ಪಾಲು 70 ಟನ್. ಜನರೇಟರಿಗೆ ಸಾವಿರ ಲೀಟರ್ ಡೀಸೆಲ್ ಸುರಿದರೆ 2.7 ಟನ್ನು, ಅಷ್ಟೇ.

ಕರೆಂಟು ಬದಲಿಸುವ ದಾರಿ ಇದೆ. ಯೂನಿಟ್ಟಿಗೆ ಕೆಲವು ಪೈಸೆ ಹೆಚ್ಚು ತೆತ್ತರೆ ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣದಿಂದ ಗ್ರೀನ್ ಟ್ಯಾರಿಫ್, ಅಂದರೆ ಸೌರ-ಪವನದಂಥ ಮೂಲದ ಕರೆಂಟಿನ ದರ, ಸಿಗುತ್ತದೆ. ಅರ್ಜಿ ಕೆಡುವುದು ಎಲ್ಲಿ ಗೊತ್ತೇ? ಬಾಡಿಗೆ ಕಟ್ಟಡದಲ್ಲಿ ಮೀಟರು ಮಾಲೀಕರ ಹೆಸರಿನಲ್ಲಿದ್ದರೆ ಕಂಪನಿ ಅರ್ಜಿ ಹಾಕುವಂತಿಲ್ಲ. ಸೆಂಟ್ರಲ್ ಎಸಿಯ ಕರೆಂಟು ಮೆಂಟೆನೆನ್ಸ್ ಬಿಲ್ಲಿನೊಳಗೆ ಅಡಗಿ, ಲೆಕ್ಕದಿಂದಲೇ ಜಾರಿಹೋಗುವುದೂ ಉಂಟು. ಆದ್ದರಿಂದ ಮಾಲೀಕರು ಗ್ರೀನ್ ಟ್ಯಾರಿಫ್‌ಗೆ ಅರ್ಜಿ ಹಾಕಬೇಕು, ಎಸಿಯ ಯೂನಿಟ್ ಬೇರೆಯಾಗಿ ತೋರಿಸಬೇಕು ಎಂಬ ಷರತ್ತನ್ನು ಬಾಡಿಗೆ ಕರಾರು ನವೀಕರಣದ ಹೊತ್ತಿಗೇ ಸೇರಿಸಿ ಎಂದು ಕಂಪನಿಗೆ ಬರೆಯಿರಿ.

ಅಂಕಿಗಳಿಗಾಗಿ ಗುಟ್ಟಿನ ಕಡತ ಮುಟ್ಟಬೇಡಿ, ಕೆಲಸಕ್ಕೆ ಕುತ್ತು. ಷೇರುಪೇಟೆಯ ದೊಡ್ಡ 1000 ಕಂಪನಿಗಳು 2022-23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಎಂಬ, ಪರಿಸರ ಮತ್ತು ಸಮಾಜದ ಹೊಣೆಯ ವರದಿ ಕೊಡಲೇಬೇಕು. ಅದರ ಆರನೇ ತತ್ವದಡಿ ಕರೆಂಟು, ಹೊಗೆ ಎಲ್ಲ ಇದೆ. ‘ಪ್ರತಿ ರೂಪಾಯಿ ವಹಿವಾಟಿಗೆ’ ಇಷ್ಟು ಹೊಗೆ ಎಂಬ ಸಾಲಿನ ಅಂಕಿ ಇಳಿದಿದೆಯೆಂದು ಹಿಗ್ಗಬೇಡಿ. ವಹಿವಾಟು ಬೆಳೆದಾಗ ಅದು ತಾನೇ ಇಳಿದೀತು. ಒಟ್ಟು ಟನ್ ಏರಿರಬಹುದು.

ಅಮೆಜಾನಿನಲ್ಲಿ ಆದದ್ದೂ ಹೆಚ್ಚುಕಮ್ಮಿ ಇದೇ. 2019ರ ಏಪ್ರಿಲ್‌ನಲ್ಲಿ ಹವಾಮಾನಕ್ಕಾಗಿ ಕಂಪನಿ ಯೋಜನೆ ಮಾಡಲಿ ಎಂಬ ಬಹಿರಂಗ ಪತ್ರಕ್ಕೆ 8,000ಕ್ಕೂ ಹೆಚ್ಚು ನೌಕರರು ಹೆಸರು ಹಾಕಿದರು. ಷೇರು ಹೊಂದಿದ್ದ ನೌಕರರು ಅದನ್ನೇ ಕೇಳಿ ತಂದ ನಿರ್ಣಯ ಮೇ ತಿಂಗಳ ಷೇರುದಾರರ ಸಭೆಯಲ್ಲಿ ಸೋತಿತು. ಸೆಪ್ಟೆಂಬರ್ 20ರಂದು ಕೆಲಸ ಬಿಟ್ಟು ಹೊರಬರುತ್ತೇವೆಂದು ಸಾರಿದಾಗ, ಹಿಂದಿನ ದಿನವೇ ಕಂಪನಿಯಿಂದ 2040ಕ್ಕೆ ನೆಟ್ ಝೀರೋ, ಅಂದರೆ ಬಿಡುವ ಇಂಗಾಲದಿಂದ ತೆಗೆದದ್ದನ್ನು ಕಳೆದರೆ ಸೊನ್ನೆ, ಎಂಬ ಘೋಷಣೆ ಬಂತು. ಆಮೇಲಿನ ಎರಡು ವರ್ಷ ಕಂಪನಿಯ ಒಟ್ಟು ಹೊಗೆ ಏರುತ್ತಲೇ ಹೋಯಿತು. ದೂರದ ಇಸವಿಗೆ ಒಪ್ಪಿಕೊಂಡು ಸುಮ್ಮನಾಗಬಾರದು ಎನ್ನುವುದು ಅದಕ್ಕೇ.

ಆ ನಿರ್ಣಯದ ದಾರಿ ಇಲ್ಲಿ ನಡೆಯದು. ನಮ್ಮ ಕಂಪನಿ ಕಾಯಿದೆಯಲ್ಲಿ ಅದಕ್ಕೆ ಹತ್ತನೇ ಒಂದು ಪಾಲಿನ ಮತಬಲ ಬೇಕು. ಆದರೆ ಒಂದೇ ಷೇರು ಇದ್ದರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಬಹುದು. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಡಿಮ್ಯಾಟ್ (ಷೇರು ಇಡುವ ಖಾತೆ) ವಿವರದೊಂದಿಗೆ ಭಾಷಣಕಾರರಾಗಿ ಹೆಸರು ನೋಂದಾಯಿಸಿ. ಮಾತಿಗೆ ಸಿಗುವುದು ಎರಡು ಮೂರು ನಿಮಿಷ, ಅದರಲ್ಲಿ ಪೀಠಿಕೆ ಬೇಡ. ಕಳೆದ ವರ್ಷ ಒಟ್ಟು ಎಷ್ಟು ಯೂನಿಟ್, ಅದರಲ್ಲಿ ಸೌರ-ಪವನದ್ದೆಷ್ಟು, ಮುಂದಿನ ವರ್ಷಕ್ಕೆ ಎಷ್ಟು: ಇಷ್ಟು ಕೇಳಿ, ಉತ್ತರ ಲಿಖಿತವಾಗಿ ಬೇಕೆನ್ನಿ.