ಎಸಿ ನೀರು ಗೋಡೆಗೆ ಇಳಿದರೆ ಮೊದಲು ಪೈಪ್ ನೋಡಿ

ಹುಬ್ಬಳ್ಳಿ ನವನಗರದ ನಮ್ಮ ಮನೆ ಇದು. ಎಸಿ ಕೆಳಗೆ ಗೋಡೆ ಮೇಲೆ ಕಂದು ಗೆರೆ ಕಾಣ್ತಿದೆಯಲ್ಲ, ಅಲ್ಲಿ ಬಣ್ಣ ಉಬ್ಬಿ ಏಳುತ್ತಿದೆ. ಅವ್ವ ಕೆಳಗೆ ಹಳೆ ಟವಲ್ ಹಾಸಿದ್ದಾಳೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಬಂದು ನೋಡೋ ಮೊದಲೇ "ಗ್ಯಾಸ್ ತುಂಬಿಸ್ಬೇಕ್ರಿ" ಅಂದ. ಓಡಿಸಿದಷ್ಟೂ ಖಾಲಿಯಾಗೋಕೆ ಎಸಿ ಗ್ಯಾಸ್ ಏನು ಪೆಟ್ರೋಲಾ? ಅದು ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಎಲ್ಲೋ ಸೋರಿದರೆ ಮಾತ್ರ ಕಡಿಮೆ ಆಗುತ್ತದೆ. ಹಾಗಾದಾಗ ಕಾಯಿಲ್ ಮೇಲೆ, ಅಂದರೆ ಎಸಿಯೊಳಗೆ ಗಾಳಿ ತಣ್ಣಗೆ ಮಾಡೋ ಕೊಳವೆಗಳ ಮೇಲೆ, ಬರ್ಫ್ ಕಟ್ಟುತ್ತದೆ, ಅದು ಕರಗಿ ನೀರು ಸುರಿಯುವುದೂ ಉಂಟು. ಫಿಲ್ಟರ್ ತುಂಬ ಧೂಳು ಹಿಡಿದಿದ್ದರೂ ಇದೇ ಕಥೆ. ಅದಕ್ಕೇ ಮುಚ್ಚಳ ತೆಗೆದು ಮೊದಲು ಕಾಯಿಲ್ ನೋಡಿದೆ. ಬರ್ಫ್ ಇಲ್ಲ, ರೂಮ್ ಚೆನ್ನಾಗಿಯೇ ತಂಪಾಗುತ್ತಿದೆ. ಅಂದರೆ ನೀರು ಹೊರಗೆ ಹೋಗೋ ಪೈಪ್‌ನಲ್ಲೇ ಏನೋ ಅಡ್ಡ ಇದೆ.

ಏಪ್ರಿಲ್‌ನಲ್ಲಿ ಇದೇ ಎಸಿ ಒಂದು ಹನಿ ಬೀಳಿಸಿರಲಿಲ್ಲ. ಆಗ ನಮ್ಮ ಕಡೆ ಒಣ ಬಿಸಿಲು. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದರೆ ಗಾಳಿಯಲ್ಲಿ ತೇವ ಏರುತ್ತದೆ. ಆ ಗಾಳಿ ತಣ್ಣಗಿನ ಕಾಯಿಲ್‌ಗೆ ತಾಗಿದಾಗ ತೇವ ನೀರಾಗಿ ಅದರ ಕೆಳಗಿನ ಟ್ರೇಗೆ ಇಳಿಯುತ್ತದೆ, ಅಲ್ಲಿಂದ ಪೈಪ್ ಹಿಡಿದು ಹೊರಗೆ. ಪೈಪ್ ಅರ್ಧ ಕಟ್ಟಿದ್ದರೂ ಏಪ್ರಿಲ್‌ನ ಸ್ವಲ್ಪ ನೀರು ಹೇಗೋ ಹೋಗಿಬಿಡುತ್ತದೆ. ಮೇನಲ್ಲಿ ತಡೆಯೋದಿಲ್ಲ, ಟ್ರೇ ತುಂಬಿ ಗೋಡೆಗೆ ಬರುತ್ತದೆ.

ಈಗ ಹೊರಗೆ ಬನ್ನಿ. ಪೈಪ್ ಕೆಳಗೆ ಬಕೆಟ್. ಯಾಕೆ ಅಂತ ಹುಬ್ಬಳ್ಳಿ-ಧಾರವಾಡದವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಮಲಪ್ರಭಾ ನೀರು ಸವದತ್ತಿ ಕಡೆಯಿಂದ ಬರಬೇಕು, ನಳ ಬರೋ ದಿನ ನೋಡಿ ಬಟ್ಟೆ ನೆನೆಸಿದವರು ನಾವು. ಬಕೆಟ್ ಇಡೋದು ಒಳ್ಳೆಯದೇ. ಆದರೆ ಇಲ್ಲಿ ಪೈಪಿನ ಬಾಯಿ ನೀರಲ್ಲಿ ಮುಳುಗಿದೆ ನೋಡಿ. ಒಳಗಿನ ಗಾಳಿಗೆ ಹೊರಬರಲು ಜಾಗ ಇಲ್ಲ. ಈ ನೀರನ್ನು ತಳ್ಳೋಕೆ ಪಂಪ್ ಇರೋದಿಲ್ಲ, ಇಳಿಜಾರೇ ಗತಿ. ಅದರ ಮೇಲೆ ಎರಡು ಕ್ಲಾಂಪ್ ನಡುವೆ ಪೈಪ್ ಜೋತುಬಿದ್ದು ಹೊಟ್ಟೆ ಮಾಡಿಕೊಂಡಿದೆ. ಅಲ್ಲಿ ನೀರು ನಿಂತು ಲೋಳೆ ಬೆಳೆದಿದೆ.

ಮೊದಲು ಎಸಿಗೆ ಕರೆಂಟ್ ಹೋಗೋ ಸ್ವಿಚ್, ಎಂಸಿಬಿ, ಇಳಿಸಿದೆ. ಪಕ್ಕದ ಮನೆ ಕಾಕಾ ಕಾರಿಗೆ ಅಂತ ತಂದ, ನೀರೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಇತ್ತು. ಮನೆಯಲ್ಲಿರೋ ಧೂಳಿನ ವ್ಯಾಕ್ಯೂಮ್ ಇದಕ್ಕೆ ನಡೆಯೋದಿಲ್ಲ, ಮೋಟಾರ್ ಸುಟ್ಟೀತು. ಕಾಕಾ ಮಾತ್ರ "ಸೈಕಲ್ ಪಂಪ್ ಹಚ್ಚಿ ಜೋರಾಗಿ ಊದ್ಬಿಡು, ಹೋಗ್ತೈತಿ" ಅಂತಲೇ ಇದ್ದರು. ಬೇಡ ಅಂದೆ. ಕೆಳಗಿಂದ ಊದಿದರೆ ಕಸ ತಿರುಗಿ ಟ್ರೇಗೆ ಹೋಗುತ್ತದೆ. ಗೋಡೆಯೊಳಗಿನ ಜಾಯಿಂಟ್ ಕಳಚಿದರಂತೂ ಗೋಡೆಯೇ ನೀರು ಕುಡಿಯುತ್ತದೆ. ಎಳೆಯೋದೇ ಸರಿ.

ಪೈಪಿನ ಬಾಯಿಗೂ ವ್ಯಾಕ್ಯೂಮ್ ಮೂತಿಗೂ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ ಚಾಲೂ ಮಾಡಿದೆ. ಮೊದಲು ಬರೀ ಗರಗರ ಸದ್ದು. ಆಮೇಲೆ ಗಡಕ್ ಅಂತ ಬಂತು. ಬೆರಳುದ್ದದ ಕಂದು ಲೋಳೆ, ಅದರಲ್ಲಿ ಧೂಳಿನ ಎಳೆ, ಕೂದಲು, ಒಂದು ಸತ್ತ ಜಿರಳೆಯ ಕಾಲು. ವಾಸನೆ ನಿಮಗೆ ಬರೋದಿಲ್ಲ, ಪುಣ್ಯವಂತರು.

ಆಮೇಲೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿ ಟ್ರೇಗೆ ನಿಧಾನಕ್ಕೆ ಬಿಟ್ಟೆ. ಕುದಿಯೋ ನೀರು ಬೇಡ, ಬಾತ್‌ರೂಮ್ ಆಸಿಡ್ ಅಂತೂ ಬೇಡವೇ ಬೇಡ, ಕಾಯಿಲ್ ತಿಂದುಬಿಡುತ್ತದೆ. ವಿನೆಗರ್ ಜೊತೆ ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಕೊನೆಗೆ ಒಂದು ತಂಬಿಗೆ ಬರೀ ನೀರು. ಹೊರಗಿಂದ ಕಾಕಾ "ಬಂತು, ಬಂತು" ಅಂತ ಕೂಗಿದರು.

ಜೋತ ಜಾಗಕ್ಕೆ ಹೊಸ ಕ್ಲಾಂಪ್ ಹೊಡೆದೆ. ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಬೇಕು, ನಡುವೆ ಎಲ್ಲೂ ಮೇಲೆ ಏರಬಾರದು. ಪೈಪಿನ ತುದಿಯನ್ನು ಬಕೆಟ್ ಅಂಚಿಗಿಂತ ಗೇಣು ಮೇಲೆ ಬರುವಂತೆ ಕತ್ತರಿಸಿದೆ. ಇನ್ನು ಬಕೆಟ್ ತುಂಬಿ ಹರಿದರೂ ಬಾಯಿ ಮುಳುಗೋದಿಲ್ಲ.

ಈ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕೋಣ ಅಂತ ಅಪ್ಪಾಜಿ ಅಂದರು. ನೋಡೋಕೆ ಡಿಸ್ಟಿಲ್ಡ್ ನೀರಿನ ಹಾಗೇ ಇರುತ್ತದೆ, ಆದರೆ ಕಾಯಿಲ್ ಮೇಲಿನ ಧೂಳು, ಲೋಹ ಎಲ್ಲ ತೊಳೆದುಕೊಂಡು ಬಂದಿರುತ್ತದೆ. ಬ್ಯಾಟರಿಗೆ ಅಂಗಡಿಯ ಕ್ಯಾನೇ ಇರಲಿ. ಇದು ನೆಲ ಒರೆಸೋಕೆ, ಅಂಗಳ ತೊಳೆಯೋಕೆ ಸಾಕು.