ಅಮ್ಮನಿಗೆ ಪಾಸಿಟಿವ್ ಬಂದರೆ ಮಗನನ್ನು ಎತ್ತುವವರು ಯಾರು?

2021ರ ಮೇ ತಿಂಗಳು. ರಾತ್ರಿ ಒಂಬತ್ತೂವರೆ. ಪುತ್ತೂರು ಕಡೆಯ ಹಳ್ಳಿಯಿಂದ ಅಕ್ಕ ಫೋನ್ ಮಾಡಿದಳು. "ನನಗೆ ಪಾಸಿಟಿವ್ ಅಂತೆ ಮಾರಾಯ. ಇವನನ್ನು ಎಂತ ಮಾಡುವುದು?"

ತನಗೆ ಏನಾಗುತ್ತದೋ ಅಂತ ಅವಳು ಕೇಳಲೇ ಇಲ್ಲ.

ನಮಸ್ಕಾರ. ಇವತ್ತಿನ ಮಾತು ಕೊರೊನಾ ಬಗ್ಗೆ. ಅಯ್ಯೋ ಮತ್ತೆ ಅದಾ ಅಂತ ಮುಂದೆ ಓಡಿಸಬೇಡಿ. ಆಕ್ಸಿಜನ್, ಬೆಡ್, ಲಸಿಕೆ ಬಗ್ಗೆ ಸಾಕಷ್ಟು ಮಾತಾಡಿ ಆಗಿದೆ. ಅಕ್ಕ ಕೇಳಿದ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

"ಇವನು" ಅಂದರೆ ಅವಳ ಮಗ, ನನ್ನ ಅಳಿಯ. ಆಗ 12 ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಜೊತೆಗೆ ಫಿಟ್ಸ್. ಕೂರಿಸಿದರೆ ಕೂರುತ್ತಾನೆ, ಎತ್ತಿದರೆ ಮಾತ್ರ ಏಳುತ್ತಾನೆ. ತೂಕ 25 ಕೆಜಿ. ಊಟ ಅಂದರೆ ಕುಚ್ಚಲಕ್ಕಿ ಗಂಜಿ. ಅದನ್ನು ಅರೆದು, ಅವನ ತಲೆಯನ್ನು ಒಂದು ಹದಕ್ಕೆ ಓರೆ ಮಾಡಿ ಹಿಡಿದು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಹದ ತಪ್ಪಿದರೆ ನೆತ್ತಿಗೆ ಹತ್ತುತ್ತದೆ. ಆ ಹದ ಗೊತ್ತಿದ್ದದ್ದು ಅಕ್ಕನಿಗೆ ಮತ್ತು ಪಕ್ಕದ ತೋಟದ ಮನೆಯಲ್ಲಿ ಬೀಡಿ ಕಟ್ಟುವ ಚಿಕ್ಕಮ್ಮನಿಗೆ, ಅಷ್ಟೆ. ಬಾವ ದುಬೈಯಲ್ಲಿದ್ದರು. ಏಪ್ರಿಲ್ ಕೊನೆಯಿಂದ ಭಾರತದಿಂದ ಅಲ್ಲಿಗೆ ಹೋಗುವವರಿಗೆ ಬಾಗಿಲು ಮುಚ್ಚಿತ್ತು. ಊರಿಗೆ ಬಂದರೆ ವಾಪಸ್ ಹೋಗಲು ಆಗುವುದಿಲ್ಲ, ಕೆಲಸ ಹೋಗುತ್ತದೆ. ನಾನು ಬೆಂಗಳೂರಿನಲ್ಲಿ, ಎರಡು ಕೋಣೆಯ ಮನೆಯಲ್ಲಿ.

ಮರುದಿನ ಬೆಳಿಗ್ಗೆ ಒಂದು ಸರ್ಕಾರಿ ಕಚೇರಿಯಿಂದ ಅಕ್ಕನಿಗೆ ಫೋನ್ ಬಂತು. ಕೋವಿಡ್ ಕೇರ್ ಸೆಂಟರ್‌ಗೆ ಬನ್ನಿ ಅಂದರು. ಮಗ ಇದ್ದಾನೆ ಅಂದಳು. ಮಗುವಿಗೆ ನೆಗೆಟಿವ್ ಇದ್ದರೆ ಕರೆದುಕೊಂಡು ಬರುವ ಹಾಗಿಲ್ಲ, ಮನೆಯಲ್ಲಿ ಬಿಟ್ಟು ಬನ್ನಿ ಅಂದರು. ಯಾರ ಹತ್ತಿರ ಬಿಡಲಿ ಅಂದಳು. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯಲ್ಲಿ ದೊಡ್ಡವರು ಯಾರೂ ಇಲ್ಲವಾ ಮೇಡಂ?" ಅಂತ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿದ್ದ ಫಾರಂನಲ್ಲಿ ಹೆಸರು, ವಯಸ್ಸು, ಆಕ್ಸಿಜನ್ ಮಟ್ಟ ಇದ್ದಿರಬಹುದು. "ಇವರನ್ನು ನಂಬಿಕೊಂಡು ಯಾರಾದರೂ ಉಸಿರಾಡುತ್ತಿದ್ದಾರಾ" ಅನ್ನುವ ಸಾಲು ಇರಲಿಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ಸರ್ಕಾರದ ಲೆಕ್ಕದಲ್ಲಿ ತಾಯಿ ಒಬ್ಬಳು, ಮಗು ಇನ್ನೊಬ್ಬ. ಇಂಥ ಮನೆಗಳಲ್ಲಿ ಅವರಿಬ್ಬರೂ ಸೇರಿ ಒಂದು.

ಕಾಗದದಲ್ಲಿ ಎಲ್ಲ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್, ವಿಪತ್ತಿನ ಹೊತ್ತಿನಲ್ಲಿ ಇವರಿಗೂ ಸಮಾನ ರಕ್ಷಣೆ ಸಿಗಬೇಕು ಅನ್ನುತ್ತದೆ. ಮೊದಲ ಲಾಕ್‌ಡೌನ್ ಶುರುವಾದ ಮರುದಿನ, 2020ರ ಮಾರ್ಚ್ 26ಕ್ಕೆ, ಕೇಂದ್ರ ಸರ್ಕಾರದ ವಿಕಲಚೇತನರ ಇಲಾಖೆ ಮಾರ್ಗಸೂಚಿ ಹೊರಡಿಸಿತು. ಆರೈಕೆ ಮಾಡುವವರನ್ನು ದಾರಿಯಲ್ಲಿ ತಡೆಯಬೇಡಿ, ಇವರಿಗೆ ಬೇಕಾದ ಊಟ, ಔಷಧಿ ಇರುವಲ್ಲಿಗೇ ತಲುಪಿಸಿ ಅಂತ ಅದರಲ್ಲಿತ್ತು. ಒಳ್ಳೆಯ ಮಾತುಗಳೇ. ನಮ್ಮೂರಿನ ಚೆಕ್‌ಪೋಸ್ಟಿನಲ್ಲಿ ನಿಂತಿದ್ದ ಹುಡುಗನಿಗೆ ಇದು ಗೊತ್ತಿರಲಿಲ್ಲ ಅನ್ನುವುದು ಬೇರೆ ವಿಷಯ.

ಅದೇ ಮಾರ್ಚ್ 26ಕ್ಕೆ ಬಡವರಿಗಾಗಿ ಪ್ಯಾಕೇಜ್ ಕೂಡ ಬಂತು. ವೃದ್ಧರು, ವಿಧವೆಯರು, ವಿಕಲಚೇತನರಿಗೆ ಮೂರು ತಿಂಗಳಲ್ಲಿ ಎರಡು ಕಂತಾಗಿ 1000 ರೂಪಾಯಿ. ಅಕ್ಕ ಕೇಳಿದಳು, ಇವನಿಗೂ ಬರುತ್ತದಾ ಅಂತ. ಬರಲಿಲ್ಲ. ಯಾಕೆಂದರೆ ಆ ದುಡ್ಡು ಹೋದದ್ದು ಕೇಂದ್ರದ ಪಿಂಚಣಿ ಪಟ್ಟಿಯಲ್ಲಿದ್ದವರಿಗೆ. ಆ ಪಟ್ಟಿ ಸೇರಬೇಕಾದರೆ ಬಿಪಿಎಲ್ ಇರಬೇಕು, ವೈಕಲ್ಯ ಶೇಕಡಾ 80 ಆದರೂ ಇರಬೇಕು, ವಯಸ್ಸು 18 ಆಗಿರಬೇಕು. ಮಕ್ಕಳಿಗೆ ಅಲ್ಲಿ ಜಾಗವೇ ಇಲ್ಲ. ಮೂರು ತಿಂಗಳಿಗೆ ಸಾವಿರ ರೂಪಾಯಿ ಡೈಪರ್‌ಗೂ ಸಾಲುವುದಿಲ್ಲ, ಅದು ಬಿಡಿ.

ಇನ್ನು ಲಾಕ್‌ಡೌನ್‌ನಲ್ಲಿ ಹಂಚಿದ ರೇಷನ್ ಕಿಟ್. ಕಿಟ್ ಹಂಚಿದವರನ್ನು ನಾನು ಹಗುರವಾಗಿ ಕಾಣುವುದಿಲ್ಲ, ಎಷ್ಟೋ ಮನೆಯ ಒಲೆ ಉರಿದದ್ದು ಅದರಿಂದ. ಅಕ್ಕನ ಮನೆಗೂ ಎರಡು ಬಂದವು. ಅಕ್ಕಿ, ಬೇಳೆ, ಎಣ್ಣೆ, ಎರಡು ಪ್ಯಾಕೆಟ್ ರಸ್ಕ್. ಜಗಿಯಲು ಬಾರದ ಹುಡುಗನಿಗೆ ರಸ್ಕ್! ಅವನಿಗೆ ಬೇಕಿದ್ದದ್ದು ಫಿಟ್ಸ್‌ನ ಸಿರಪ್. ಅದನ್ನು ಒಂದೇ ಸಲ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬರಬಹುದು. ಹಳ್ಳಿಯಲ್ಲಿ ಸಿಗುವುದಿಲ್ಲ, ಪುತ್ತೂರಿನ ಮೆಡಿಕಲ್‌ನಿಂದಲೇ ತರಬೇಕು. 2020ರ ಏಪ್ರಿಲ್‌ನಲ್ಲಿ ಬಸ್ಸು ಎಲ್ಲಿತ್ತು?

ಆನ್‌ಲೈನ್ ಥೆರಪಿ ಬಗ್ಗೆಯೂ ಹೇಳಬೇಕು. ಫಿಸಿಯೊದವರು ಪಾಪ, ವಿಡಿಯೋ ಕಾಲ್‌ನಲ್ಲಿ ಹೇಳಿಕೊಡಲು ಒಪ್ಪಿದರು. ಅಕ್ಕನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಗೇರುಮರದ ಹತ್ತಿರ. ಮಗ ಇರುವುದು ಕೆಳಗೆ ಚಾವಡಿಯಲ್ಲಿ. ಹೇಗೋ ಒಂದು ದಿನ ಮನೆಯಲ್ಲೇ ಸಿಗ್ನಲ್ ಸಿಕ್ಕಿತು ಅನ್ನಿ. ಆಗ ಅಕ್ಕನಿಗೆ ಇನ್ನೊಂದು ಸಮಸ್ಯೆ: ಫೋನ್ ಹಿಡಿಯಲಾ, ಇವನ ಕಾಲು ಹಿಡಿಯಲಾ? ಮೂರು ತಿಂಗಳಲ್ಲಿ ಅವನ ಮೊಣಕಾಲ ಹಿಂದಿನ ಸ್ನಾಯು ಬಿಗಿದುಕೊಂಡಿತು. ಕಾಲು ನೆಟ್ಟಗಿರಲು ಕಟ್ಟುವ ಸ್ಪ್ಲಿಂಟ್ ಚಿಕ್ಕದಾಯಿತು. ಹೊಸದಕ್ಕೆ ಅಳತೆ ಕೊಡಲು ಮಂಗಳೂರಿಗೆ ಹೋಗಬೇಕು. ಎರಡು ವರ್ಷದಲ್ಲಿ ಕಲಿತದ್ದು ಮೂರು ತಿಂಗಳಲ್ಲಿ ಹೋಯಿತು.

ಆಗ ಪೇಪರ್‌ನಲ್ಲಿ, ಟಿವಿಯಲ್ಲಿ ಒಂದು ಮಾತು ಬರುತ್ತಿತ್ತು. ಇಂಥ ಮಕ್ಕಳ ಮನೆಯವರು ಯಾವಾಗಲೂ ಲಾಕ್‌ಡೌನ್‌ನಲ್ಲೇ ಇರುತ್ತಾರೆ, ಅವರಿಗೆ ಇದು ಹೊಸದಲ್ಲ ಅಂತ. ಕೇಳಲು ಚೆನ್ನಾಗಿದೆ, ಆದರೆ ಸುಳ್ಳು. ಅಕ್ಕ ವರ್ಷಗಟ್ಟಲೆ ಕಷ್ಟಪಟ್ಟು ಒಂದು ಬಳಗ ಕಟ್ಟಿಕೊಂಡಿದ್ದಳು. ಅವನನ್ನು ಎತ್ತಿ ಕೂರಿಸುವ ತನಕ ಬಸ್ ಬಿಡದ ಕಂಡಕ್ಟರ್. ಶಾಲೆಯಲ್ಲಿ ಬಟ್ಟೆ ಬದಲಿಸುವ ಆಯಾ. ಮನೆಗೇ ಬಂದು ಪಾಠ ಹೇಳುವ ಟೀಚರ್. ಸಂಜೆ ಅರ್ಧ ಗಂಟೆ ಇವನ ಪಕ್ಕ ಕೂತು ಬೀಡಿ ಕಟ್ಟುವ ಚಿಕ್ಕಮ್ಮ. ಲಾಕ್‌ಡೌನ್ ಕಿತ್ತುಕೊಂಡದ್ದು ಅದನ್ನೇ. ಇಂಗ್ಲಿಷಿನಲ್ಲಿ ಇದಕ್ಕೆ ರೆಸ್ಪೈಟ್ ಕೇರ್ ಅಂತ ದೊಡ್ಡ ಹೆಸರಿದೆ. ನಮ್ಮಲ್ಲಿ, "ಒಂದು ಗಳಿಗೆ ನೋಡಿಕೊಳ್ಳಿ, ಮಿಂದು ಬರುತ್ತೇನೆ" ಅನ್ನುತ್ತಾರೆ. ಅಂತರ ಕಾಯಿರಿ ಅಂದಾಗ ಮೊದಲು ನಿಂತದ್ದು ಆ ಒಂದು ಗಳಿಗೆ.

ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಇದು ಗೊತ್ತಿರಬೇಕಿತ್ತು. ಬೇರೆ ಯಾರಿಗಿಂತಲೂ ಜಾಸ್ತಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರುಗಳು ನಮ್ಮವು. 1980ರ ದಶಕದಲ್ಲಿ ಶುರುವಾದದ್ದು 2000ದ ಹೊತ್ತಿಗೆ ನಿಂತಿತು. ಸುಪ್ರೀಂ ಕೋರ್ಟ್ ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ. ಆ ವಿಷದಿಂದಲೇ ನಮ್ಮ ಮಕ್ಕಳು ಹೀಗಾದರು ಅಂತ ಊರವರು ಹೋರಾಟ ಮಾಡಿ ಮಾಡಿ ಕೊಕ್ಕಡದಲ್ಲಿ, ಕೊಯಿಲದಲ್ಲಿ ಇಂಥ ಮಕ್ಕಳಿಗೆ ಡೇ ಕೇರ್ ಬಂತು. ಬೆಳಿಗ್ಗೆ ಮಗನನ್ನು ಅಲ್ಲಿ ಬಿಟ್ಟು, ಅಮ್ಮ ತೋಟದ ಕೆಲಸಕ್ಕೆ ಹೋಗಿ ನಾಲ್ಕು ಕಾಸು ಸಂಪಾದಿಸಬಹುದಿತ್ತು. ಲಾಕ್‌ಡೌನ್‌ನಲ್ಲಿ ಶಾಲೆ, ಅಂಗನವಾಡಿಗಳ ಜೊತೆ ಇಂಥ ಕೇಂದ್ರಗಳಿಗೂ ಬೀಗ. ಬೇರೆ ಮಕ್ಕಳಿಗೆ ಪಾಠ ತಪ್ಪಿತು. ಈ ಮನೆಗಳಿಗೆ ಒಂದೇ ಏಟಿಗೆ ಆರೈಕೆಯೂ ಹೋಯಿತು, ಕೂಲಿಯೂ ಹೋಯಿತು.

ಗಡಿಯಾಚೆ ಕಾಸರಗೋಡಿನಲ್ಲಿ ಇನ್ನೊಂದು ಕಥೆ. ಎಣ್ಮಕಜೆ, ಪಡ್ರೆ ಕಡೆಯ ಜನ ಕನ್ನಡ, ತುಳು ಮಾತಾಡುವವರು. ದೊಡ್ಡ ಆಸ್ಪತ್ರೆ ಅಂದರೆ ಅವರಿಗೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆಂಬುಲೆನ್ಸ್‌ಗೂ ದಾರಿ ಇಲ್ಲ. ವಿಷಯ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ರೋಗ ತಡೆಯಲು ಅಂದರು. ನಾನು ಕರ್ನಾಟಕದವನೇ, ಆದರೂ ಹೇಳುತ್ತೇನೆ, ಅದು ನಾಚಿಕೆಗೇಡು. ಆದರೆ ಕೇರಳದ ಒಂದು ವಿಷಯ ನನಗೆ ಇಷ್ಟ. ಅಲ್ಲಿ ಇಂಥ ಮಕ್ಕಳಿಗೆ ಬಡ್ಸ್ ಶಾಲೆ ಅಂತ ಇವೆ. ಕುಟುಂಬಶ್ರೀ ಅನ್ನುವ ಹೆಂಗಸರ ಸಂಘಗಳ ಜಾಲದ ಜೊತೆ ಸೇರಿ ನಡೆಸುವುದು ಪಂಚಾಯಿತಿಗಳೇ. ಅಂದರೆ ಆ ಮಗು ಪಂಚಾಯಿತಿಯ ಜವಾಬ್ದಾರಿ, ಎಲ್ಲೋ ಇರುವ ಇಲಾಖೆಯದ್ದಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ವಿಆರ್‌ಡಬ್ಲ್ಯು ಅಂತ ಕರೆಯುತ್ತಾರೆ. ಅವರೂ ವಿಕಲಚೇತನರೇ. ಅವರಿಗೆ ಸಿಗುವುದು ಗೌರವಧನ, ಸಂಬಳ ಅಲ್ಲ. ಕೊಡುವುದು ಕಮ್ಮಿ ಇದ್ದಾಗ ನಾವು ಅದಕ್ಕೆ ಗೌರವ ಅಂತ ಸೇರಿಸುತ್ತೇವೆ! ಪಂಚಾಯಿತಿ ತನ್ನ ದುಡ್ಡಿನಲ್ಲಿ ಶೇಕಡಾ 5 ವಿಕಲಚೇತನರಿಗೆ ಮೀಸಲಿಡಬೇಕು ಅಂತಲೂ ಇದೆ. ಅದು ಖರ್ಚಾಗುವುದು ಎಲ್ಲಿ ಅಂತ ನಿಮ್ಮ ಗ್ರಾಮಸಭೆಯಲ್ಲಿ ಒಮ್ಮೆ ಕೇಳಿ ನೋಡಿ. ಒಂದು ರ‍್ಯಾಂಪ್, ಒಂದು ಕಾರ್ಯಕ್ರಮ, ನಾಲ್ಕು ಶಾಲು. ಅದೇ ದುಡ್ಡಿನಲ್ಲಿ ಇಬ್ಬರು ಹೆಂಗಸರಿಗೆ ತರಬೇತಿ ಕೊಟ್ಟು, ದಿನಕ್ಕೆ ಇಷ್ಟು ಅಂತ ಕೊಟ್ಟು, ಅಮ್ಮ ಹಾಸಿಗೆ ಹಿಡಿದ ಮನೆಗೆ ಕಳಿಸಬಹುದಲ್ವಾ? ಆಶಾ ಕಾರ್ಯಕರ್ತೆಗೆ ಮನೆ ಗೊತ್ತು, ವಿಆರ್‌ಡಬ್ಲ್ಯುಗೆ ಮಗು ಗೊತ್ತು. ಕಳಿಸಲು ಜನ ಮಾತ್ರ ಇಲ್ಲ.

ತಾಯಿ ಮಗುವನ್ನು ಸೇರಿಸಿ ಒಂದು ಅಂತ ಸರ್ಕಾರ ಒಂದೇ ಒಂದು ಸಲ ನೋಡಿದ್ದು ನನಗೆ ನೆನಪಿದೆ. 2021ರ ಮೇ ತಿಂಗಳಲ್ಲಿ ಲಸಿಕೆಗೆ ಎಳೆದಾಡುವಾಗ, ಕರ್ನಾಟಕದ ಆದ್ಯತೆ ಪಟ್ಟಿಯಲ್ಲಿ ವಿಕಲಚೇತನರ ಜೊತೆಗೆ "ಒಬ್ಬ ಆರೈಕೆದಾರರು" ಅಂತ ಸೇರಿಸಿದ್ದರು. ಒಂದೇ ಸಾಲು. ಯಾರೋ ಯೋಚಿಸಿ ಬರೆದದ್ದು. ಅಕ್ಕನಿಗೆ ಸ್ವಲ್ಪ ತಡವಾಯಿತು.

ಆಮೇಲೆ ಅಕ್ಕನ ಮನೆಯಲ್ಲಿ ಏನಾಯಿತು ಅಂದರೆ, ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತು ತೀರ್ಮಾನ ಮಾಡಿದರು. ಅಕ್ಕ ಒಳಕೋಣೆಯಲ್ಲಿ, ಹುಡುಗ ಚಾವಡಿಯಲ್ಲಿ. ಬೀಡಿ ಚಿಕ್ಕಮ್ಮನಿಗೆ ಮೊದಲ ಡೋಸ್ ಆಗಿತ್ತು, ನಾನು ಬರುತ್ತೇನೆ ಅಂದರು. ಮಾಸ್ಕ್ ಹಾಕಿಕೊಂಡು ಬಂದ ಅವರನ್ನು ನೋಡಿ ಹುಡುಗ ಕಿರುಚಿದ. ಗುರುತೇ ಸಿಗಲಿಲ್ಲ. ಅವರು ಮತ್ತೆ ಅಂಗಳಕ್ಕೆ ಇಳಿದು, ದೂರದಲ್ಲಿ ನಿಂತು ಮಾಸ್ಕ್ ಕೆಳಗೆ ಮಾಡಿ ಮುಖ ತೋರಿಸಿದರು. ಆಮೇಲೆ ಮೇಲೆ ಮಾಡಿಕೊಂಡು ಹತ್ತಿ ಬಂದರು. ಹದಿನಾಲ್ಕು ದಿನವೂ, ಬಂದಾಗೆಲ್ಲ ಹೀಗೇ. ಕಿಟಕಿಯಿಂದ ಅಕ್ಕ, "ತಲೆ ಇನ್ನೂ ಸ್ವಲ್ಪ ಎಡಕ್ಕೆ" ಅನ್ನುತ್ತಿದ್ದಳಂತೆ. "ಗೊತ್ತುಂಟು, ನೀನು ಮಲಗು" ಅನ್ನುತ್ತಿದ್ದರಂತೆ ಚಿಕ್ಕಮ್ಮ. ಸಿರಪ್ ತಂದುಕೊಟ್ಟದ್ದು ವಿಆರ್‌ಡಬ್ಲ್ಯು, ತಮ್ಮ ಮೂರು ಚಕ್ರದ ಸ್ಕೂಟರ್‌ನಲ್ಲಿ.

ಅಕ್ಕ ಹುಷಾರಾದಳು. ಆ ವರ್ಷದ ಕೊನೆಗೆ ನಾನು ಊರಿಗೆ ಹೋದಾಗ ಆ ವಿಆರ್‌ಡಬ್ಲ್ಯು ಮನೆಗೆ ಬಂದಿದ್ದರು. ಕೈಯಲ್ಲಿ ಉದ್ದ ನೋಟ್‌ಬುಕ್. ಪಂಚಾಯಿತಿಯ ಮಕ್ಕಳ ಹೆಸರು, ಔಷಧಿ, ಯಾವ ಮೆಡಿಕಲ್‌ನಲ್ಲಿ ಸಿಗುತ್ತದೆ, ಎಲ್ಲ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಕೊನೆಯ ಕಾಲಂ ಹೊಸದು: "ಅಮ್ಮ ಇಲ್ಲದಿದ್ದರೆ?" ಸುಮಾರು ಮನೆಗಳ ಮುಂದೆ ಅದು ಖಾಲಿ. ಅಕ್ಕನ ಸಾಲಿನಲ್ಲಿ ನನ್ನ ಹೆಸರಿತ್ತು, ಅವಳೇ ಹೇಳಿ ಬರೆಸಿದ್ದು. ಅವರು ನನ್ನನ್ನು ಒಮ್ಮೆ ನೋಡಿದರು. "ಬೇಜಾರು ಮಾಡಬೇಡಿ ಸರ್, ಇಲ್ಲಿಗೆ ನಡೆದುಕೊಂಡು ಬರುವವರ ಹೆಸರು ಬೇಕು" ಅಂದರು. ನನ್ನ ಹೆಸರು ಹೊಡೆದು ಹಾಕಿ, ಚಿಕ್ಕಮ್ಮನ ಹೆಸರು ಬರೆದುಕೊಂಡರು.